ಆಂಟಿಯ ಫೋನೂ ಸೆಲೆಕ್ಟಿವ್ ಪರೀಕ್ಷೆಯೂ



ಹೋದ ತಿಂಗಳು ನಮಗೆ ಪರಿಚಯದ ಆಂಟಿಯೊಬ್ಬರು ಫೋನ್ ಮಾಡಿದರು. "ಪುಟ್ಟಿ, ನೀನು ಸೆಲೆಕ್ಟಿವ್ ಸ್ಕೂಲಲ್ಲಿ ಓದಿದವಳಲ್ವಾ, ನಮ್ಮ ಹುಡುಗನಿಗೂ ಸ್ವಲ್ಪ ಹೇಳ್ಕೊಡ್ತೀಯಾ? ಗಂಟೆಗೆ ಎಷ್ಟು ಅಂತ ನೀನೇ ಹೇಳು." ಹುಡುಗ ಈಗ ನಾಲ್ಕನೇ ತರಗತಿ. ಪರೀಕ್ಷೆ ಇರುವುದು ಆರನೇ ತರಗತಿಯಲ್ಲಿ. ಯೋಚಿಸಿ ಹೇಳ್ತೀನಿ ಅಂದೆ. ಸಿಡ್ನಿಯಲ್ಲಿ ಬೆಳೆದ ನಿಮ್ಮಲ್ಲಿ ಹಲವರಿಗೆ ಇಂಥ ಫೋನ್ ಬಂದಿರುತ್ತೆ, ಇಲ್ಲವಾದರೆ ಬರುತ್ತೆ. ನಾನು ಯೋಚಿಸಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಬೇರೆ ಊರುಗಳಿಂದ ಕೇಳುತ್ತಿರುವವರಿಗೆ ಸ್ವಲ್ಪ ವಿವರ. ನ್ಯೂ ಸೌತ್ ವೇಲ್ಸ್‌ನಲ್ಲಿ ಪರೀಕ್ಷೆ ಬರೆದು ಸೇರಬೇಕಾದ ಸರ್ಕಾರಿ ಹೈಸ್ಕೂಲುಗಳಿವೆ. ಓದುವಿಕೆ, ಗಣಿತ, ಥಿಂಕಿಂಗ್ ಸ್ಕಿಲ್ಸ್, ಬರವಣಿಗೆ ಎಂದು ನಾಲ್ಕು ಭಾಗ, ನಾಲ್ಕಕ್ಕೂ ಸಮಾನ ತೂಕ. ಏಳನೇ ತರಗತಿಗೆ ಸುಮಾರು 4,200 ಸೀಟು, ಬರೆಯುವ ಮಕ್ಕಳು 17 ಸಾವಿರದ ಆಸುಪಾಸು. ಅಂದರೆ ನಾಲ್ವರಲ್ಲಿ ಮೂವರಿಗೆ ಸಿಗುವುದಿಲ್ಲ. ಈ ಲೆಕ್ಕವನ್ನು ಯಾವ ಕೋಚಿಂಗ್ ಸೆಂಟರಿನ ಬೋರ್ಡಿನಲ್ಲೂ ನಾನು ನೋಡಿಲ್ಲ.

ನಮ್ಮ ಅಪ್ಪ ಅಮ್ಮಂದಿರನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ಅವರು ಎಲ್ಲಿಂದ ಬಂದರು ಅನ್ನುವುದನ್ನೂ ನೋಡಬೇಕು. ನಮ್ಮಪ್ಪ ತಿಪಟೂರಿನ ಹತ್ತಿರದ ಹಳ್ಳಿಯವರು, ತಾತನಿಗಿದ್ದದ್ದು ಒಂದು ಸಣ್ಣ ತೆಂಗಿನ ತೋಟ. ಡೊನೇಷನ್ ಕೊಟ್ಟು ಇಂಜಿನಿಯರಿಂಗ್ ಸೇರಿಸುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಕರ್ನಾಟಕದಲ್ಲಿ ಸಿಇಟಿ ಶುರುವಾದದ್ದು 1994ರಲ್ಲಿ. ಅಪ್ಪ ಬರೆದದ್ದು ಅದರ ಮರುವರ್ಷ. ಯಾರ ಶಿಫಾರಸೂ ಇಲ್ಲದೆ, ಒಂದು ರ‍್ಯಾಂಕಿನ ಬಲದಲ್ಲೇ ಸೀಟು ಸಿಕ್ಕಿತು. ಹಾಗಾಗಿ ಅವರ ಪಾಲಿಗೆ ಪರೀಕ್ಷೆ ಅಂದರೆ ಹಿಂಸೆಯಲ್ಲ, ನ್ಯಾಯ. ಇಲ್ಲಿಗೆ ಬಂದ ಮೇಲೆ ಕಾರ್ಲಿಂಗ್‌ಫರ್ಡಿನ ಜೇಮ್ಸ್ ರೂಸ್ ಶಾಲೆಯ ಹೆಸರು ಕೇಳಿದ್ದೇ ತಡ, ಮಕ್ಕಳಿಬ್ಬರೂ ಅಲ್ಲೇ ಓದಬೇಕು ಅಂತ ಆಸೆಪಟ್ಟರು. ಅದು ಕೃಷಿ ಹೈಸ್ಕೂಲು, ಮಕ್ಕಳು ಕೃಷಿಯನ್ನೂ ಪಾಠವಾಗಿ ಕಲಿಯಬೇಕು. ತೋಟ ಬಿಟ್ಟು ಸಮುದ್ರ ದಾಟಿ ಬಂದವರಿಗೆ ಮಕ್ಕಳು ಕೃಷಿ ಶಾಲೆ ಸೇರಬೇಕೆಂಬ ಆಸೆ! ನನಗೆ ಅಲ್ಲಿ ಸಿಗಲಿಲ್ಲ, ಬೇರೊಂದು ಸೆಲೆಕ್ಟಿವ್ ಶಾಲೆ ಸಿಕ್ಕಿತು.

ಆದರೆ ಸಿಇಟಿ ಬರೆದಾಗ ಅಪ್ಪನಿಗೆ ಹದಿನೆಂಟು ವರ್ಷ. ತಾನು ಏನಾಗಬೇಕು ಅಂತ ಅವರಿಗೆ ಗೊತ್ತಿತ್ತು. ಆಂಟಿಯ ಮಗನಿಗೆ ಒಂಬತ್ತು.

ಹಾಗಾದರೆ ತಯಾರಿಯೇ ಬೇಡವೇ? ಬೇಕು ಅಂತಲೇ ನಾನು ಹೇಳುವುದು. ಥಿಂಕಿಂಗ್ ಸ್ಕಿಲ್ಸ್‌ನಲ್ಲಿ 40 ನಿಮಿಷಕ್ಕೆ 40 ಪ್ರಶ್ನೆ. ಮೊದಲ ಸಲ ನೋಡುವ ಮಗು ಮೂರನೇ ಪ್ರಶ್ನೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ, ಯಾಕೆಂದರೆ ಶಾಲೆಯಲ್ಲಿ ಅದಕ್ಕೆ ಕಲಿಸಿರುವುದು ಹಿಡಿದದ್ದನ್ನು ಮುಗಿಸು ಅಂತ. ಇಲ್ಲಿ ಬಿಟ್ಟು ಮುಂದೆ ಹೋಗುವುದನ್ನು ಕಲಿಯಬೇಕು. 2025ರಿಂದ ಪರೀಕ್ಷೆ ಕಂಪ್ಯೂಟರಿನ ಮೇಲೆ ನಡೆಯುತ್ತೆ, ಆ ಪರದೆಯ ಅಭ್ಯಾಸವೂ ಆಗಬೇಕು. ಶಿಕ್ಷಣ ಇಲಾಖೆಯೇ ಮಾದರಿ ಪರೀಕ್ಷೆಗಳನ್ನು ಬಿಟ್ಟಿಯಾಗಿ ಕೊಟ್ಟಿದೆ. ಇಷ್ಟಕ್ಕೆ ಎಂಟು ಹತ್ತು ವಾರ ಸಾಕು.

ಮೂರು ವರ್ಷದ ಕೋಚಿಂಗಿನಲ್ಲಿ ಏನಾಗುತ್ತೆ ಅಂತ ಒಳಗಿನಿಂದಲೇ ನೋಡಿದ್ದೇನೆ. ಯೂನಿವರ್ಸಿಟಿಯ ಮೊದಲ ವರ್ಷ ಒಂದು ಸೆಂಟರಿನಲ್ಲಿ ಬರವಣಿಗೆ ತಿದ್ದುವ ಕೆಲಸ ಮಾಡುತ್ತಿದ್ದೆ. ಅಲ್ಲಿ ಒಬ್ಬಳು ಹುಡುಗಿ ಯಾವ ವಿಷಯ ಕೊಟ್ಟರೂ ಕಳೆದುಹೋದ ನಾಯಿಯ ಕಥೆಯನ್ನೇ ಬರೆಯುತ್ತಿದ್ದಳು. ವಿಷಯ ಸಮುದ್ರವಾದರೆ ನಾಯಿ ಬೀಚಿನಲ್ಲಿ ಕಳೆದುಹೋಗುತ್ತಿತ್ತು, ಸ್ನೇಹವಾದರೆ ಗೆಳತಿಯ ಮನೆಯಲ್ಲಿ. ವಾಕ್ಯಗಳು ಚೆನ್ನಾಗಿದ್ದವು, ಯಾರೋ ದೊಡ್ಡವರು ಬರೆದು ಉರು ಹೊಡೆಸಿದ್ದು. "ನಿಮ್ಮ ಮನೇಲಿ ನಾಯಿ ಇದೆಯಾ?" ಅಂತ ಕೇಳಿದೆ. "ಇಲ್ಲ, ನಂಗೆ ನಾಯಿ ಕಂಡ್ರೆ ಭಯ" ಅಂದಳು. ನಕ್ಕುಬಿಟ್ಟೆ. ಆಮೇಲೆ ನಗು ಬರಲಿಲ್ಲ.

ತಿಪಟೂರಿಗೆ ಹೋದಾಗ ಜಾತ್ರೆ ನೋಡಿದ್ದೀನಿ. ತೇರು ಬರುವಾಗ ಮುಂದಿನವರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡರೆ ಹಿಂದಿನವರೂ ಕೂರಿಸಿಕೊಳ್ಳಬೇಕು. ಕೊನೆಗೆ ಎಲ್ಲರ ಹೆಗಲೂ ನೋಯುತ್ತೆ, ತೇರು ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ. ಹೆಗಲೇ ಸಿಗದ ಮಗುವಿಗಂತೂ ಏನೂ ಕಾಣುವುದಿಲ್ಲ. ಅದಕ್ಕೇ ಸರ್ಕಾರ ಈಗ ಶೇಕಡಾ 20ರವರೆಗೆ ಸೀಟುಗಳನ್ನು ಬಡ ಕುಟುಂಬದ ಮಕ್ಕಳು, ಅಬಾರಿಜಿನಲ್ ಮಕ್ಕಳು, ದೂರದ ಹಳ್ಳಿಗಾಡಿನವರು, ಅಂಗವೈಕಲ್ಯ ಇರುವವರಿಗಾಗಿ ತೆಗೆದಿಡುತ್ತೆ. ನಮ್ಮವರ ಗೆಟ್ ಟುಗೆದರ್‌ಗಳಲ್ಲಿ ಇದರ ಬಗ್ಗೆ ಗೊಣಗಾಟ ಕೇಳಿದ್ದೇನೆ. ಗೊಣಗುವವರಿಗೆ ನೆನಪಿರಲಿ, ಸಿಇಟಿಯಲ್ಲೂ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅಂತಲೇ ಪ್ರತ್ಯೇಕ ಸೀಟುಗಳಿವೆ.

ಇನ್ನು ನನ್ನ ತಮ್ಮನ ವಿಷಯ. ಅವನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ನನಗಿಂತ ಏಳು ವರ್ಷ ಚಿಕ್ಕವನು. ಅಕ್ಕನಿಗೆ ಸಿಕ್ಕಿದ ಮೇಲೆ ಇವನಿಗೂ ಸಿಗಲೇಬೇಕು ಅಂತ ಮೂರನೇ ತರಗತಿಯಿಂದಲೇ ಕೋಚಿಂಗ್, ಮೊದಲು ಶನಿವಾರ, ಆಮೇಲೆ ಭಾನುವಾರವೂ. ಭಾನುವಾರ ಅಂದರೆ ಕನ್ನಡ ತರಗತಿ ಹೋಯಿತು ಅಂತ ಅರ್ಥ. ಆಗ ಅವನು ಒತ್ತಕ್ಷರದ ತನಕ ಬಂದಿದ್ದ. "ಪರೀಕ್ಷೆ ಮುಗಿಲಿ, ಆಮೇಲೆ ಮತ್ತೆ ಸೇರಿಸಿದರಾಯ್ತು" ಅಂದರು ಅಮ್ಮ. ಫಲಿತಾಂಶ ಬರುವ ದಿನ ಅಮ್ಮ ಹೋಳಿಗೆಗೆ ಹೂರಣ ರುಬ್ಬಿಟ್ಟಿದ್ದರು. ಇಮೇಲ್ ಬಂತು, ಸೀಟು ಇಲ್ಲ. ಹೂರಣ ಕೆಡುತ್ತಲ್ಲ ಅಂತ ಹೋಳಿಗೆ ಮಾಡಿದರು, ನಾಲ್ವರೂ ಮಾತಾಡದೆ ತಿಂದೆವು. ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅಂತ ತಮ್ಮ ಈಗಲೂ ಹೇಳುತ್ತಾನೆ.

ಅವನು ಈಗ ಮನೆ ಹತ್ತಿರದ ಹೈಸ್ಕೂಲಿನಲ್ಲಿ ಚೆನ್ನಾಗಿಯೇ ಓದುತ್ತಿದ್ದಾನೆ. ಎಂಟರಿಂದ ಹನ್ನೊಂದನೇ ತರಗತಿಯವರೆಗೂ ಖಾಲಿಯಾದ ಸೆಲೆಕ್ಟಿವ್ ಸೀಟುಗಳಿಗೆ ಅರ್ಜಿ ಹಾಕಬಹುದು, ಅವನು ಬೇಡ ಅಂದ. ಒಂದು ಸಲ ಕಾರಿನಲ್ಲಿ ಹೋಗುವಾಗ ಕೇಳಿದೆ, "ಆ ದಿನ ತುಂಬಾ ಬೇಜಾರಾಯ್ತಾ?" ಅವನು ಹೇಳಿದ್ದು, "ಆ ದಿನ ಅಲ್ಲ ಅಕ್ಕ. ಪ್ರತಿ ಶನಿವಾರ ಗೋಡೆ ಮೇಲೆ ರ‍್ಯಾಂಕ್ ಲಿಸ್ಟ್ ಹಾಕ್ತಿದ್ರಲ್ಲ, ಅಲ್ಲೇ ಎಲ್ಲ ಮುಗಿದಿತ್ತು." ಕನ್ನಡ ತರಗತಿಗೆ ಅವನು ಮತ್ತೆ ಹೋಗಲಿಲ್ಲ. ಅಜ್ಜಿ ವಾಟ್ಸಾಪಿನಲ್ಲಿ ಕನ್ನಡದಲ್ಲಿ ಬರೆದು ಕಳಿಸುವುದನ್ನು ನನಗೆ ಫಾರ್ವರ್ಡ್ ಮಾಡಿ, "ಏನಂತೆ?" ಅಂತ ಕೇಳುತ್ತಾನೆ.

ಆಂಟಿಗೆ ನಾನು ಕೊಟ್ಟ ಉತ್ತರ ಇದು. ಆರನೇ ತರಗತಿಯ ಫೆಬ್ರವರಿಯಲ್ಲಿ ಶುರುಮಾಡಿ ಮೇ ತಿಂಗಳ ಪರೀಕ್ಷೆಯವರೆಗೆ ವಾರಕ್ಕೊಂದು ಗಂಟೆ ಹೇಳಿಕೊಡ್ತೀನಿ, ದುಡ್ಡು ಬೇಡ. ಭಾನುವಾರ ಮಾತ್ರ ಆಗಲ್ಲ, ಅವನು ಕನ್ನಡ ತರಗತಿಗೆ ಹೋಗಬೇಕು. ಬರೆಯೋಕೆ ಇಷ್ಟ ಇದೆಯಾ ಅಂತ ಮೊದಲು ಅವನನ್ನೇ ಕೇಳಿ, ಇಲ್ಲ ಅಂದರೆ ಆ ಮಾತು ನಡೆಯಬೇಕು. ಸಿಗದಿದ್ದರೆ ಯಾವ ಶಾಲೆ ಅಂತ ಈಗಲೇ ಅವನ ಜೊತೆ ಹೋಗಿ ನೋಡಿಬನ್ನಿ.

"ಅಷ್ಟು ಲೇಟಾಗಿ ಶುರುಮಾಡಿದ್ರೆ ಆಗುತ್ತಾ ಪುಟ್ಟಿ? ಎಲ್ಲರೂ ಈಗಲೇ ಸೇರಿಸ್ತಿದ್ದಾರೆ" ಅಂದರು. ಅಂಕಲ್ ಹತ್ತಿರ ಮಾತಾಡಿ ಹೇಳ್ತೀನಿ ಅಂದವರು ಇನ್ನೂ ಫೋನ್ ಮಾಡಿಲ್ಲ. ಹುಡುಗನನ್ನು ಕಳೆದ ಭಾನುವಾರ ಕನ್ನಡ ತರಗತಿಯಲ್ಲಿ ನೋಡಿದೆ. ಬೋರ್ಡಿನ ಮೇಲೆ ತನ್ನ ಹೆಸರು ಬರೆದು, ಒತ್ತು ಸರಿ ಇದೆಯಾ ಅಂತ ತಿರುಗಿ ನೋಡುತ್ತಿದ್ದ.