ನಂಬಿಕೆ ಎಂಬ ಭಂಡಾರ
(ಉತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಂಬಿಕೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದಲ್ಲಿ ಲೇಪಾಕ್ಷಿಯ ಶ್ರೀ ವೀರಭದ್ರಸ್ವಾಮಿಯ ಸನ್ನಿಧಿಯಿದೆ.

ವಿಜಯನಗರದ ಅಚ್ಯುತದೇವರಾಯನು 1529ರಿಂದ 1542ರವರೆಗೆ ಆಳಿದನು. ಆ ಕಾಲದಲ್ಲಿ ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ, ವೀರಣ್ಣ ಎಂಬ ಸಹೋದರರು ಆ ದೇವಾಲಯವನ್ನು ಕಟ್ಟಿಸಿದರು. ಅಲ್ಲಿರುವ ಕನ್ನಡ ಶಾಸನಗಳನ್ನು ಇಂದಿಗೂ ಕಾಣಬಹುದು. ಆದರೆ ಕಲ್ಯಾಣ ಮಂಟಪ ಮಾತ್ರ ಪೂರ್ತಿಯಾಗಲಿಲ್ಲ. ಕಂಬಗಳು ನಿಂತಿವೆ, ಮೇಲೆ ಚಾವಣಿಯಿಲ್ಲ.

ಏಕೆ ನಿಂತಿತು ಎಂಬುದಕ್ಕೆ ಜನರು ತಲೆಮಾರುಗಳಿಂದ ಹೇಳಿಕೊಂಡು ಬಂದ ಐತಿಹ್ಯವೊಂದಿದೆ. ವಿರೂಪಣ್ಣನು ರಾಜನ ಬೊಕ್ಕಸವನ್ನು ನೋಡಿಕೊಳ್ಳುತ್ತಿದ್ದನು. ಅನುಮತಿಯಿಲ್ಲದೆ ಅದರ ಹಣವನ್ನು ಗುಡಿಗೆ ವೆಚ್ಚ ಮಾಡಿದನೆಂದು ರಾಜನಿಗೆ ದೂರು ಹೋಯಿತು. ಅವನ ಕಣ್ಣು ಕೀಳಿಸಬೇಕೆಂದು ಆಜ್ಞೆಯಾಯಿತು. ಅದನ್ನು ಕೇಳಿದ ವಿರೂಪಣ್ಣನು ತಾನೇ ಕಣ್ಣುಗಳನ್ನು ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಯಾತ್ರಿಕರಿಗೆ ಇಂದಿಗೂ ತೋರಿಸುತ್ತಾರೆ.

ಭಕ್ತರೇ, ಈ ಕಥೆಯಲ್ಲಿ ಕಳ್ಳ ಯಾರು? ವಿರೂಪಣ್ಣನು ಹಣವನ್ನು ತನ್ನ ಮನೆಗೆ ಒಯ್ದನೆಂದು ಕಥೆ ಹೇಳುವುದಿಲ್ಲ, ದೇವರಿಗೇ ಒಪ್ಪಿಸಿದನು. ರಾಜನೂ ಬೊಕ್ಕಸವನ್ನು ಕಾಯಬೇಕಾದವನೇ. ಕೊರತೆಯಾದದ್ದು ಒಂದೇ: ಖರ್ಚು ಮಾಡುವ ಮೊದಲು ಒಬ್ಬನು ಹೇಳಲಿಲ್ಲ, ಶಿಕ್ಷೆ ವಿಧಿಸುವ ಮೊದಲು ಇನ್ನೊಬ್ಬನು ಕೇಳಲಿಲ್ಲ. ಆ ಮೌನದ ನಡುವೆ ಚಾಡಿಮಾತಿಗೆ ದಾರಿಯಾಯಿತು. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ನಂಬಿಕೆ ಉಳಿಯುವುದಿಲ್ಲ, ಲೆಕ್ಕವೂ ಬೆಳಕಿನಲ್ಲಿರಬೇಕು.

ನಮ್ಮ ಸೀಮೆಯ ಬದುಕು ನಡೆಯುವುದೇ ನಂಬಿಕೆಯ ಮೇಲೆ. ಕಲ್ಯಾಣದುರ್ಗದ ಕಡೆಯ ರೈತನು ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುತ್ತಾನೆ, ಬೀಜಕ್ಕೆ ಬೇಕಾದ ಸಾಲವನ್ನು ಮಾತಿನ ಮೇಲೆ ತರುತ್ತಾನೆ. ಹಿಂದೂಪುರದ ಮಾರುಕಟ್ಟೆಗೆ ಹುಣಸೆಹಣ್ಣು ತಂದವನು ತಕ್ಕಡಿಯನ್ನು ನಂಬುತ್ತಾನೆ. ತಾಯಂದಿರು ಸೆರಗಿನ ಗಂಟಿನ ಹಣವನ್ನು ಚೀಟಿಗೆ ಕಟ್ಟುತ್ತಾರೆ. ಒಮ್ಮೆ ತೂಕ ತಪ್ಪಿದರೆ, ಒಮ್ಮೆ ಚೀಟಿ ನಡೆಸಿದವನು ಊರು ಬಿಟ್ಟರೆ, ಆಮೇಲೆ ಪ್ರಾಮಾಣಿಕನನ್ನೂ ಜನ ನಂಬುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಳೆ ಹೋದರೆ ಮರುವರ್ಷ ಬರಬಹುದು, ಹೋದ ನಂಬಿಕೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ದೇವರ ಕಾರ್ಯದಲ್ಲಿ ಆ ಗಾದೆ ನಿಜವಾಗಬಾರದು. ನಿತ್ಯದ ಕೂಲಿಯಲ್ಲಿ ಹತ್ತು ರೂಪಾಯಿ ಉಳಿಸಿ ಹುಂಡಿಗೆ ಹಾಕುವ ತಾಯಿ ರಸೀದಿ ಕೇಳುವುದಿಲ್ಲ. ಆಕೆ ಕೇಳುವುದಿಲ್ಲ ಎಂಬ ಕಾರಣಕ್ಕೇ ನಾವು ಹೆಚ್ಚು ಎಚ್ಚರದಿಂದಿರಬೇಕು. ಹುಂಡಿಯನ್ನು ಹತ್ತು ಜನರೆದುರು ಎಣಿಸಬೇಕು. ಉತ್ಸವ ಮುಗಿದ ಮೇಲೆ ಜಮಾ ಖರ್ಚನ್ನು ಎಲ್ಲರ ಮುಂದೆ ಓದಬೇಕು. ಒಂದು ಬಾಬಿನ ಹಣವನ್ನು ಇನ್ನೊಂದಕ್ಕೆ ಬಳಸಬೇಕಾಗಿ ಬಂದರೆ, ಅದು ಎಷ್ಟೇ ಪುಣ್ಯಕಾರ್ಯವಾಗಿರಲಿ, ಮೊದಲೇ ತಿಳಿಸಬೇಕು.

ಭಕ್ತರಲ್ಲೂ ಒಂದು ವಿನಂತಿ. ಲೆಕ್ಕ ಕೇಳುವುದು ಅಪಮಾನವಲ್ಲ, ಎದುರಿಗೆ ಬಂದು ಕೇಳಿ. ಆದರೆ ಕೇಳದೆ ಅರಳೀಕಟ್ಟೆಯ ಮೇಲೆ ಕುಳಿತು ಅನುಮಾನ ಬಿತ್ತುವುದು ಪಾಪ. ದುಡಿಯುವ ಖಜಾಂಚಿಯ ಮನಸ್ಸು ಅದರಿಂದ ಮುರಿಯುತ್ತದೆ, ಮುಂದಿನ ವರ್ಷ ಆ ಹೊಣೆ ಹೊರಲು ಯಾರೂ ಮುಂದೆ ಬರುವುದಿಲ್ಲ.

ಕೊಡುವವರ ಕೈಯೂ ಕಾಯುವವರ ಕೈಯೂ ಶುದ್ಧವಾಗಿರಲಿ, ಇಬ್ಬರ ನಡುವೆ ಮಾತು ಇರಲಿ. ನಾವು ಹಿಡಿದ ಯಾವ ದೇವರ ಕೆಲಸವೂ ಚಾವಣಿಯಿಲ್ಲದ ಮಂಟಪವಾಗಿ ಉಳಿಯದಂತೆ ಭಗವಂತನು ಅನುಗ್ರಹಿಸಲಿ ಎಂದು ಪ್ರಾರ್ಥಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.