ಮೈದಾನದ ಮಾತು, ಊರಿನ ಮಾತು

ಕಾಲ್ಚೆಂಡಿನಾಟಕ್ಕೆ ಕಟ್ಟುಕಟ್ಟಳೆಗಳನ್ನು ಬರೆದವರು ಇಂಗ್ಲಿಷರು. ಅದನ್ನು ಹಡಗಿನಲ್ಲಿ ಹೊತ್ತು ಊರೂರಿಗೆ ಹಂಚಿದವರಲ್ಲಿಯೂ ಅವರೇ ಮೊದಲಿಗರು. ಆಟದ ಬೆನ್ನಿಗೆ ಅದರ ಮಾತೂ ಹೋಯಿತು. ನಮ್ಮ ಹಳ್ಳಿಯ ಬಯಲಿನಲ್ಲಿ ಆಡುವ ಹುಡುಗರು ‘ಗೋಲ್’ ಎಂದೂ ‘ಕಾರ್ನರ್’ ಎಂದೂ ಕೂಗುತ್ತಾರೆ. ಸ್ಪೇನಿನ ಹುಡುಗರೂ ಹೆಚ್ಚು ಕಡಿಮೆ ಅದನ್ನೇ ಕೂಗುತ್ತಾರೆ. ಇಟಲಿಯವರು ತಮ್ಮ ಊರನ್ನು ಮಿಲಾನೊ ಎನ್ನುತ್ತಾರಾದರೂ ಆ ಊರಿನ ಪ್ರಸಿದ್ಧ ತಂಡದ ಹೆಸರು ಮಾತ್ರ ಮಿಲಾನ್. 1899ರಲ್ಲಿ ನಾಟಿಂಗ್‌ಹ್ಯಾಮಿನ ಹರ್ಬರ್ಟ್ ಕಿಲ್ಪಿನ್ ಎಂಬಾತ ತನ್ನ ಸಂಗಡಿಗರೊಡನೆ ಅದನ್ನು ಕಟ್ಟಿದ. ಮುಸೊಲಿನಿಯ ಕಾಲದಲ್ಲಿ ಒತ್ತಾಯದಿಂದ ಆ ಹೆಸರನ್ನು ಇಟಾಲಿಯನ್ನಿಗೆ ತಿರುಗಿಸಿದರು. ಯುದ್ಧ ಮುಗಿದ ಮೇಲೆ ಅದು ಮತ್ತೆ ಇಂಗ್ಲಿಷಾಯಿತು. ಇಟಲಿಯ ಆಟಗಾರರು ಇಂದಿಗೂ ತಮ್ಮ ತರಬೇತುದಾರನನ್ನು ‘ಮಿಸ್ಟರ್’ ಎಂದು ಕರೆಯುತ್ತಾರೆ. 1912ರಲ್ಲಿ ಜೆನೊವಾ ನಗರಕ್ಕೆ ಬಂದ ವಿಲಿಯಂ ಗಾರ್ಬಟ್ ಎಂಬ ಇಂಗ್ಲಿಷ್ ತರಬೇತುದಾರನಿಂದ ಈ ರೂಢಿ ಬಂದಿತೆಂದು ಹೇಳುವುದುಂಟು.

ಕಲಿಸಲು ಹೋದವನ ಪಾಡು ಒಂದು, ಸಂಬಳಕ್ಕೆ ಹೋದವನ ಪಾಡು ಇನ್ನೊಂದು. ಕಲಿಸುವವನ ಭಾಷೆಯನ್ನು ಊರೇ ಕಲಿಯುತ್ತದೆ. ದುಡಿಯಲು ಬಂದವನು ಊರಿನ ಭಾಷೆಯನ್ನು ಕಲಿಯಬೇಕಾಗುತ್ತದೆ. ತಮ್ಮ ಭಾಷೆ ಎಲ್ಲೆಡೆ ಚಲಾವಣೆಯಲ್ಲಿರುವ ಕಾರಣ ಇಂಗ್ಲಿಷರಿಗೆ ಈ ಎರಡನೆಯ ಅನುಭವ ಅಪರೂಪ. ಆ ಅನುಭವಕ್ಕೆ ಸಿಕ್ಕಿಕೊಂಡವರಲ್ಲಿ ಅವರ ಕಾಲ್ಚೆಂಡು ಆಟಗಾರರೂ ಸೇರಿದ್ದಾರೆ. ಭಾಷೆ ಕಲಿಸುವುದೇ ಕಸುಬಾದ ನನಗೆ ಅವರ ಕತೆಯಲ್ಲಿ ಆಸಕ್ತಿ ಹುಟ್ಟಿದ್ದು ಈ ಕಾರಣದಿಂದ.

1961ರ ಜನವರಿಯವರೆಗೆ ಇಂಗ್ಲೆಂಡಿನಲ್ಲಿ ಎಂಥ ಆಟಗಾರನಿಗೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಇಟಲಿಯವರು ಅದಕ್ಕಿಂತ ಎಷ್ಟೋ ಹೆಚ್ಚು ಕೊಡಲು ಸಿದ್ಧರಿದ್ದರು. ಆ ವರ್ಷ ಇಬ್ಬರು ಇಂಗ್ಲಿಷರು ಒಂದೇ ಊರಿಗೆ ಹೋದರು. ಜಿಮ್ಮಿ ಗ್ರೀವ್ಸ್ ಮಿಲಾನ್ ತಂಡಕ್ಕೆ, ಜೆರ್‍ರಿ ಹಿಚನ್ಸ್ ಎದುರಾಳಿಯಾದ ಇಂಟರ್ ತಂಡಕ್ಕೆ. ಆಟದಲ್ಲಿ ಗ್ರೀವ್ಸ್ ದೊಡ್ಡವನು, ಅದರಲ್ಲಿ ಯಾರಿಗೂ ಸಂದೇಹವಿಲ್ಲ. ಕೆಲವೇ ತಿಂಗಳಲ್ಲಿ ಲೀಗಿನಲ್ಲಿ ಒಂಬತ್ತು ಗೋಲು ಹೊಡೆದ. ಆದರೆ ಆ ಊರಾಗಲಿ, ತರಬೇತುದಾರ ರೊಕ್ಕೊನ ಕಟ್ಟುನಿಟ್ಟಾಗಲಿ ಆತನಿಗೆ ಒಗ್ಗಲಿಲ್ಲ. ಡಿಸೆಂಬರಿನಲ್ಲಿ ಲಂಡನ್ನಿಗೆ ಹಿಂದಿರುಗಿದ. ಟಾಟನ್‌ಹ್ಯಾಮಿನವರು ತೆತ್ತ ಬೆಲೆ 99,999 ಪೌಂಡು. ಲಕ್ಷದ ಆಟಗಾರನೆಂಬ ಹೊರೆ ಹುಡುಗನ ತಲೆಯ ಮೇಲೆ ಬೀಳದಿರಲೆಂದು ಒಂದು ಪೌಂಡು ಕಡಿಮೆ ಮಾಡಿದರಂತೆ. ಹಿಚನ್ಸನಾದರೋ ಕಲ್ಲಿದ್ದಲಿನ ಗಣಿಯಲ್ಲಿ ದುಡಿದು ಬಂದವನು. ಇಟಾಲಿಯನ್ ಕಲಿತ, ಇಂಟರ್ ಬಿಟ್ಟು ಟೊರಿನೊ, ಅಟಲಾಂಟ, ಕಾಲ್ಯಾರಿ ಎಂದು ತಂಡದಿಂದ ತಂಡಕ್ಕೆ ಸಾಗಿ 1969ರವರೆಗೆ ಅಲ್ಲಿಯೇ ಆಡಿದ. ಗ್ರೀವ್ಸನ ಸೋಲಿಗೆ ಭಾಷೆಯೊಂದೇ ಕಾರಣವೆಂದರೆ ಅನ್ಯಾಯವಾದೀತು. ಆದರೂ ಮನೆಯ ನೆನಪು ಕಾಡುವಾಗ ನೆರೆಯವನೊಡನೆ ನಾಲ್ಕು ಮಾತು ಆಡಲಾರದವನ ಸಂಜೆಗಳು ಎಷ್ಟು ಉದ್ದವಾಗಿರುತ್ತವೆ ಎಂಬುದನ್ನು ಪರಸ್ಥಳದಲ್ಲಿ ಬಾಳಿದವರು ಬಲ್ಲರು.

ಕೆವಿನ್ ಕೀಗನ್ 1977ರಲ್ಲಿ ಲಿವರ್‌ಪೂಲ್ ಬಿಟ್ಟು ಜರ್ಮನಿಯ ಹ್ಯಾಂಬರ್ಗಿಗೆ ಹೋದ. ಬೆಲೆ ಐದು ಲಕ್ಷ ಪೌಂಡು. ಇಷ್ಟು ಹಣಕ್ಕೆ ಬಂದವನನ್ನು ಜೊತೆಯ ಆಟಗಾರರು ಕೂಡಲೇ ತಮ್ಮವನೆಂದು ಬಗೆಯಲಿಲ್ಲ. ಮೊದಲ ತಿಂಗಳುಗಳು ಕಹಿಯಾಗಿಯೇ ಕಳೆದವು. ಆತ ಪಟ್ಟು ಹಿಡಿದು ಜರ್ಮನ್ ಕಲಿತ. 1978 ಮತ್ತು 1979ರಲ್ಲಿ ಯೂರೋಪಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಆತನಿಗೇ ಸಂದಿತು. 1979ರಲ್ಲಿ ಹ್ಯಾಂಬರ್ಗ್ ಜರ್ಮನಿಯ ಚಾಂಪಿಯನ್ ಆಯಿತು. ಜರ್ಮನ್ ಕಲಿತದ್ದರಿಂದ ಗೋಲು ಬಂದವೆಂದು ನಾನು ಹೇಳಹೊರಟಿಲ್ಲ. ಆದರೆ ಮೂರು ವರ್ಷ ಆತ ಅಲ್ಲಿ ನಿಂತದ್ದು ಆ ಬಲದಿಂದಲೂ ಹೌದು.

ವೇಲ್ಸಿನ ಇಯಾನ್ ರಶ್ 1987ರಲ್ಲಿ ಇಟಲಿಯ ಯುವೆಂಟಸ್ಸಿಗೆ ಹೋಗಿ ಒಂದೇ ವರ್ಷದಲ್ಲಿ ಮರಳಿದ. ಅಲ್ಲಿದ್ದದ್ದು ಬೇರೆ ದೇಶದಲ್ಲಿದ್ದ ಹಾಗೆಯೇ ಇತ್ತು ಎಂದು ಆತ ದೂರಿದನಂತೆ. ತಾನು ಹಾಗೆ ಹೇಳಿಯೇ ಇಲ್ಲವೆಂದು ರಶ್ ಬಾರಿ ಬಾರಿಗೂ ಹೇಳಿದ್ದಾನೆ, ಯಾರೂ ಕೇಳುವುದಿಲ್ಲ. ತಮ್ಮನ್ನು ತಾವೇ ನಗುವುದಕ್ಕೆ ಬ್ರಿಟನ್ನಿನವರಿಗೆ ಆ ಮಾತು ಬೇಕಾಗಿತ್ತು, ಬೇಕಾದ ಮಾತಿಗೆ ಒಡೆಯನೊಬ್ಬ ಸಿಕ್ಕಿದ.

ಕೇಳುಗರೆ, ನನಗೆ ಎಲ್ಲರಿಗಿಂತ ಪ್ರಿಯನಾದವನು ಇವರಷ್ಟು ದೊಡ್ಡ ಆಟಗಾರನೇನೂ ಆಗಿರಲಿಲ್ಲ. ಆತನ ಹೆಸರು ಮೈಕೆಲ್ ರಾಬಿನ್‌ಸನ್. ಹುಟ್ಟಿದ್ದು ಇಂಗ್ಲೆಂಡಿನ ಲೆಸ್ಟರಿನಲ್ಲಿ, 1958ರಲ್ಲಿ. ರಾಷ್ಟ್ರೀಯ ತಂಡಕ್ಕೆ ಆಡಿದ್ದು ಐರ್ಲೆಂಡಿನ ಪರವಾಗಿ. 1987ರಲ್ಲಿ ಆತ ಸ್ಪೇನಿನ ಒಸಸುನಾ ತಂಡವನ್ನು ಸೇರಿದ. ಆ ಹೆಸರಿನ ಊರನ್ನು ನಕ್ಷೆಯಲ್ಲಿ ಹುಡುಕಿದರೆ ಸಿಕ್ಕದು. ಊರು ಪಾಂಪ್ಲೋನ, ‘ಒಸಸುನಾ’ ಎಂಬುದು ಆರೋಗ್ಯವನ್ನು ಸೂಚಿಸುವ ಬಾಸ್ಕ್ ಭಾಷೆಯ ಮಾತು. ಎರಡು ವರ್ಷದಲ್ಲಿ ಆಟ ಮುಗಿಯಿತು. ಬೇರೆಯವನಾಗಿದ್ದರೆ ಗಂಟು ಕಟ್ಟಿ ಹೊರಡುತ್ತಿದ್ದ. ರಾಬಿನ್‌ಸನ್ ಅಲ್ಲಿಯೇ ನಿಂತ, ದೂರದರ್ಶನದಲ್ಲಿ ಆಟದ ವಿವರಣೆಗೆ ಕುಳಿತ. ಆತನ ಸ್ಪ್ಯಾನಿಷಿಗೆ ಇಂಗ್ಲಿಷಿನ ಉಚ್ಚಾರ ಕೊನೆಯವರೆಗೂ ಅಂಟಿಕೊಂಡಿತ್ತು. ಜನ ನಕ್ಕರು, ಅನುಕರಣೆ ಮಾಡಿದರು, ಆತನೂ ಅವರೊಡನೆ ನಕ್ಕ. ನಗುತ್ತ ನಗುತ್ತಲೇ ಆ ದನಿ ಸ್ಪೇನಿನ ಮನೆಮನೆಯ ದನಿಯಾಯಿತು. ಆಟದ ಅಂಚಿನಲ್ಲಿರುವ ಸಾಮಾನ್ಯರನ್ನು ಗಮನಿಸುವ ಕಾರ್ಯಕ್ರಮಗಳನ್ನು ಆತ ಅಲ್ಲಿ ರೂಪಿಸಿದ. 2020ರ ಏಪ್ರಿಲಿನಲ್ಲಿ ತೀರಿಕೊಂಡಾಗ ಸ್ಪೇನಿನವರು ತಮ್ಮ ಮನೆಯವನೊಬ್ಬನನ್ನು ಕಳೆದುಕೊಂಡವರಂತೆ ಮರುಗಿದರು.

ನನ್ನ ತರಗತಿಗಳಲ್ಲಿ ವ್ಯಾಕರಣಕ್ಕಿಂತ ದೊಡ್ಡ ಅಡ್ಡಿಯಾಗಿ ನಾನು ಕಂಡಿರುವುದು ನಾಚಿಕೆ. ತನ್ನ ಭಾಷೆಯಲ್ಲಿ ಚತುರನಾದವನು ಪರಭಾಷೆಯಲ್ಲಿ ಐದು ವರ್ಷದ ಮಗುವಾಗಬೇಕು. ಸಾವಿರಾರು ಜನರ ಎದುರಿಗೆ ಸೊಗಸಾಗಿ ಆಡಬಲ್ಲವನಿಗೆ ಹತ್ತು ಜನರ ಎದುರು ತೊದಲುವುದು ಇನ್ನೂ ಕಷ್ಟವಿರಬೇಕು. ರಾಬಿನ್‌ಸನ್ನನಿಗೆ ಆ ಅಭಿಮಾನವನ್ನು ಕಳಚಿಡುವುದು ಸಾಧ್ಯವಾಯಿತು.

ಇದಕ್ಕೆ ತವರಿನವರ ನಗೆಯೂ ಒಂದು ತಡೆ. ಸ್ಟೀವ್ ಮೆಕ್ಲಾರೆನ್ 2008ರಲ್ಲಿ ನೆದರ್‌ಲೆಂಡ್ಸಿನ ಟ್ವೆಂಟೆ ತಂಡದ ತರಬೇತುದಾರನಾದ. ಅಲ್ಲಿನ ದೂರದರ್ಶನದೊಡನೆ ಮಾತನಾಡುವಾಗ ಆತನ ಇಂಗ್ಲಿಷೇ ಡಚ್ಚರ ಇಂಗ್ಲಿಷಿನಂತೆ ಬಾಗಿತು. ಉಚ್ಚಾರವೂ ಅವರದು, ವಾಕ್ಯದ ನಡೆಯೂ ಅವರದು. ಕೇಳುವವನಿಗೆ ತಿಳಿಯಲಿ ಎಂಬ ಕಳಕಳಿಯಿಂದ ನಾಲಿಗೆ ಹಾಗೆ ತಿರುಗುವುದು ಸಹಜವೇ. ಬೆಂಗಳೂರಿನ ಪೇಟೆಯಲ್ಲಿ ತಮಿಳು ವ್ಯಾಪಾರಿಯೊಡನೆ ಚೌಕಾಸಿ ಮಾಡುವಾಗ ನಮ್ಮ ಕನ್ನಡಕ್ಕೂ ಹೀಗೇ ಆಗುತ್ತದೆ. ಇಂಗ್ಲೆಂಡಿನವರು ಆ ತುಣುಕನ್ನು ವರ್ಷಗಟ್ಟಲೆ ಹಾಸ್ಯಕ್ಕೆ ಬಳಸಿಕೊಂಡರು. 2010ರಲ್ಲಿ ಟ್ವೆಂಟೆ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಡಚ್ ಲೀಗನ್ನು ಗೆದ್ದದ್ದು ಆತನ ಕೈಕೆಳಗೇ ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಪರದೇಶದಿಂದ ಇಂಗ್ಲೆಂಡಿಗೆ ಬಂದವರ ವಿಷಯದಲ್ಲಿ ತಕ್ಕಡಿ ಬೇರೆ. ಅರ್ಜೆಂಟೀನದ ಪೊಚೆಟ್ಟಿನೊ 2013ರಲ್ಲಿ ಸೌತಾಂಪ್ಟನ್ನಿಗೂ ಬಿಯೆಲ್ಸ 2018ರಲ್ಲಿ ಲೀಡ್ಸಿಗೂ ತರಬೇತುದಾರರಾಗಿ ಬಂದು ದುಭಾಷಿಯ ಮೂಲಕ ಪತ್ರಕರ್ತರೊಡನೆ ಮಾತನಾಡಿದರೆ, ಇಂಗ್ಲಿಷ್ ಕಲಿಯಬಾರದೇ ಎಂಬ ಟೀಕೆ ಎದ್ದಿತು. ಇಂಗ್ಲಿಷರಾದ ಬಾಬಿ ರಾಬ್ಸನ್ 1992ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ ತಂಡಕ್ಕೆ ಹೋದಾಗ ಅವರಿಗೂ ಒಬ್ಬ ದುಭಾಷಿ ಇದ್ದ. ಹೆಸರು ಜೋಸೆ ಮೊರಿನ್ಯೊ. ಆತ ರಾಬ್ಸನ್ನರ ಹಿಂದೆಯೇ ಪೋರ್ಟೊಗೂ ಬಾರ್ಸಿಲೋನಕ್ಕೂ ಹೋದ. ಎರಡು ಭಾಷೆಗಳ ನಡುವೆ ನಿಂತು ಕೇಳಿಸಿಕೊಂಡದ್ದೆಲ್ಲ ಆತನಿಗೆ ಬಂಡವಾಳವಾಯಿತೆಂದು ಕಾಣುತ್ತದೆ.

ಇಂಗ್ಲಿಷರಿಗೆ ಎಲ್ಲ ಪರದೇಶವೂ ಪರದೇಶವಲ್ಲ. 2013ರಲ್ಲಿ ಹುಟ್ಟಿದ ನಮ್ಮ ಬೆಂಗಳೂರು ಎಫ್‌ಸಿ ತಂಡಕ್ಕೆ ಮೊದಲ ತರಬೇತುದಾರ ಆಶ್ಲಿ ವೆಸ್ಟ್‌ವುಡ್, ಹಿಂಪಡೆಯಲ್ಲಿ ಜಾನ್ ಜಾನ್ಸನ್, ಇಬ್ಬರೂ ಇಂಗ್ಲಿಷರು. ಮೊದಲ ವರ್ಷವೇ ತಂಡ ಐ-ಲೀಗ್ ಗೆದ್ದಿತು. ಕನ್ನಡವಿಲ್ಲದೆ ಬದುಕಬಹುದಾದ ಊರು ಅವರಿಗೆ ಸಿಕ್ಕಿತ್ತು. ಅದು ಅವರ ತಪ್ಪೇನೂ ಅಲ್ಲ. ಅತ್ತ ಇಂಗ್ಲೆಂಡಿನಲ್ಲಿ 2004ರಿಂದ ಹದಿನಾಲ್ಕು ದಾಟಿದ ಮಕ್ಕಳಿಗೆ ಪರಭಾಷೆ ಕಡ್ಡಾಯವಲ್ಲವೆಂದು ಸರಕಾರವೇ ಸಾರಿತು. ಹೀಗಿರುವಾಗ ಆಟಗಾರನೊಬ್ಬನನ್ನು ಮಾತ್ರ ಸೋಮಾರಿ ಎನ್ನುವುದು ನನಗೆ ಸರಿಕಾಣದು.

2025ರ ಜೂನಿನಲ್ಲಿ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಲಿವರ್‌ಪೂಲ್ ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರಿದ. ಸ್ವಾಗತದ ದಿನ ಎದ್ದು ನಿಂತು ಸ್ಪ್ಯಾನಿಷಿನಲ್ಲಿ ಭಾಷಣ ಮಾಡಿದ. ಬರುವ ಮುನ್ನವೇ ಕಲಿತು ಬಂದಿದ್ದ. ಇಂಗ್ಲಿಷ್ ಪತ್ರಿಕೆಗಳಿಗೆ ಅದೇ ದೊಡ್ಡ ಸುದ್ದಿಯಾಯಿತು. ಆತ ಹಿಂಪಡೆಯ ಆಟಗಾರ. ಗ್ರೀವ್ಸ್, ಕೀಗನ್, ರಶ್ ಎಲ್ಲರೂ ಮುಂಪಡೆಯವರು. ಚೆಂಡು ಬಲೆಗೆ ಬಿದ್ದರೆ ಅವರ ಪರವಾಗಿ ಅದೇ ಮಾತನಾಡುತ್ತಿತ್ತು. ಹಿಂದೆ ನಿಂತವನ ಕೆಲಸ ಬೇರೆ. ಮುಂದಿರುವವನ ಬೆನ್ನ ಹಿಂದೆ ಎದುರಾಳಿ ನುಗ್ಗಿಬರುವುದು ಕಾಣುವುದು ಅವನಿಗೆ. ತೊಂಬತ್ತು ನಿಮಿಷವೂ ಅವನು ಕೂಗುತ್ತಿರಬೇಕು, ಮುಂದಿರುವವನಿಗೆ ಆ ಕೂಗು ತಿಳಿಯಬೇಕು.