ಹಾಲಿನ ಪಿಕಪ್ಪಿನ ಹಿಂದಿನ ಬ್ರೇಕು

ಮಾರಿಕುಪ್ಪಂ, ಬಂಗಾರಪೇಟೆ ಕಡೆ ಹಳೆಯ ಪಿಕಪ್ಪಿನಲ್ಲಿ ಹಾಲು ಸಾಗಿಸುವವರಿಗೆ ಒಂದು ಮಾತು. 40 ಲೀಟರಿನ 20 ಕ್ಯಾನು ತುಂಬಿದರೆ ಹಾಲಿನ ತೂಕವೇ 820 ಕಿಲೋ ದಾಟುತ್ತದೆ. ಇದರ ಬಹುಪಾಲು ಹೊರುವುದು ಹಿಂದಿನ ಚಕ್ರಗಳು. ಅಲ್ಲಿನ ಬ್ರೇಕು ಬಲವಾಗಿರಬೇಕು, ನಿಜ. ಆದರೆ ಖಾಲಿ ಕ್ಯಾನಿನೊಡನೆ ಮರಳುವಾಗ ಅತಿ ಬಲದ ಬ್ರೇಕು ಹಿಂದಿನ ಚಕ್ರವನ್ನೇ ಕಚ್ಚಿ ಹಿಡಿದರೆ ಗಾಡಿ ಅಡ್ಡ ತಿರುಗೀತು, ಜೀವಕ್ಕೇ ಅಪಾಯ.

ಆದ್ದರಿಂದ ದೊಡ್ಡ ಡ್ರಮ್ಮು, ಡಿಸ್ಕು ಎನ್ನುವ ಮೊದಲು ಇರುವುದನ್ನೇ ಸರಿಪಡಿಸಿ. ಎರಡೂ ಬದಿಯ ಲೈನರುಗಳನ್ನು ಒಟ್ಟಿಗೇ ಬದಲಿಸಿ. ಸೋರುವ ವೀಲ್ ಸಿಲಿಂಡರು, ಸವೆದ ಡ್ರಮ್ಮು ಬೇಡ. ಬ್ರೇಕ್ ಆಯಿಲು ತೇವ ಹೀರುವುದರಿಂದ ಹೊಸದನ್ನೇ ಹಾಕಿಸಿ. ಭಾರಕ್ಕೆ ತಕ್ಕಂತೆ ಒತ್ತಡ ಹೊಂದಿಸುವ ವಾಲ್ವು ಇದ್ದರೆ ಅದನ್ನೂ ನೋಡಿಸಿ. ಕ್ಯಾನುಗಳಿಗೆ ನೀರು ತುಂಬಿ ಒಮ್ಮೆ, ಖಾಲಿಯಾಗಿ ಒಮ್ಮೆ, ಬಯಲಿನಲ್ಲಿ ನಿಧಾನವಾಗಿ ಪರೀಕ್ಷಿಸಿದ ಮೇಲೆಯೇ ರಸ್ತೆಗಿಳಿಸಿ.